ಕೊಟ್ರಮ್ಮನ ತಟ್ಟೆಯ ವೇಗ

ನನ್ನ ಹೆಂಡತಿ ಕೊಟ್ರಮ್ಮ ತೀರಿಕೊಂಡ ಹತ್ತನೆಯ ದಿನ ಚಾವಡಿಯ ಪಂಚಾಕ್ಷರಯ್ಯನವರು ದನಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು. ನಾನು ಅದರಲ್ಲಿ ಮೂರೇ ಮೂರು ಪದ ಬರೆದೆ: ಎಲ್ಲರಿಗೂ ಗೊತ್ತಿರುವ ದನಿ. ಆಮೇಲೆ ಹತ್ತೊಂಬತ್ತು ವರ್ಷ ಆ ಮೂರು ಪದ ನನ್ನ ಬೆನ್ನು ಬಿಡಲಿಲ್ಲ.

ನಮ್ಮೂರಲ್ಲಿ ಸತ್ತವರ ಮಾತು ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಹನ್ನೊಂದನೆಯ ದಿನ ಹೊತ್ತು ಮುಳುಗಿತೆಂದರೆ ಮುಗಿಯಿತು. ಹೋದವರು ಏನೇನು ಹೇಳಿದ್ದರು, ಯಾರಿಗೆ ಏನೆಂದು ಬೈದಿದ್ದರು ಎಲ್ಲ ಅಕ್ಷರ ತಪ್ಪದೆ ನೆನಪಿರುತ್ತದೆ. ಅದು ಹೇಗೆ ಕೇಳಿಸುತ್ತಿತ್ತು ಎನ್ನುವುದು ಮಾತ್ರ ಊರಿನ ಒಂದು ಕಿವಿಯಲ್ಲೂ ಇರುವುದಿಲ್ಲ. ಅದಕ್ಕೇ ಹತ್ತನೆಯ ದಿನ ಮನೆಯವರು ಕೂತು, ದನಿ ಹೀಗಿತ್ತು ಎಂದು ಪುಸ್ತಕದಲ್ಲಿ ಬರೆಸುತ್ತಾರೆ. ವರ್ಷಕ್ಕೊಮ್ಮೆ ಚಾವಡಿಯಲ್ಲಿ ಅವರವರದನ್ನು ಅವರವರೇ ಓದುತ್ತಾರೆ. 'ತಗಡಿನ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದ ಹಾಗೆ.' 'ಅರ್ಧ ಮೂಗಿನಿಂದ, ಅರ್ಧ ಬಾಯಿಂದ.' 'ಬೈದರೂ ಊಟಕ್ಕೆ ಕರೆದ ಹಾಗಿತ್ತು.' ಓದಿದವರಿಗೆ ಏನೂ ಕೇಳಿಸುವುದಿಲ್ಲ, ಆದರೂ ಒಂದು ಸಮಾಧಾನ. ನನ್ನ ಸರದಿ ಬಂದಾಗ ನಾನು ಎದ್ದು ನಿಂತು 'ಎಲ್ಲರಿಗೂ ಗೊತ್ತಿರುವ ದನಿ' ಎಂದು ಓದುತ್ತಿದ್ದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಪದ್ಧತಿ ಹೇಳಿಬಿಡುತ್ತೇನೆ. ದನಿಯಂತೂ ಹೋಯಿತು, ಮಾತಾದರೂ ಇರಲಿ ಎಂದು ನಮ್ಮವರು ಸತ್ತವರ ಮಾತಿಗೆ ಒಂದಕ್ಷರ ಸೇರಿಸುವುದಿಲ್ಲ, ಒಂದಕ್ಷರ ಬಿಡುವುದಿಲ್ಲ. ಕೆಳಗಿನ ಓಣಿಯಲ್ಲಿ ಒಬ್ಬ ಮುದುಕ ಸಾಯುವಾಗ ಸೆಖೆಗೆ 'ಬಾಗಿಲು ತೆಗೆದಿಡಿ' ಅಂದನಂತೆ. ಆ ಮನೆಯ ಬಾಗಿಲನ್ನು ಇವತ್ತಿಗೂ ಹಾಕಿಲ್ಲ. ನಾಯಿ ಬರುತ್ತದೆ, ದನ ಬರುತ್ತದೆ, ಅವರು ಓಡಿಸುತ್ತಾರೆ, ಬಾಗಿಲು ಮಾತ್ರ ಹಾಕುವುದಿಲ್ಲ.

ನಾನು ಹಾಗೆ ಬರೆದದ್ದಕ್ಕೆ ದುಃಖ ಅರ್ಧ ಕಾರಣ, ಜಂಬ ಅರ್ಧ. ಕೊಟ್ರಮ್ಮ ಉಪ್ಪಿನಕಾಯಿ ಹಾಕಿ ತಲೆಯ ಮೇಲೆ ಜಾಡಿ ಹೊತ್ತು ಓಣಿ ಓಣಿ ಕೂಗುತ್ತ ಮಾರುತ್ತಿದ್ದವಳು. ಅವಳ ದನಿ ಕೇಳದ ಮನೆ ಊರಲ್ಲಿ ಇರಲಿಲ್ಲ. ಅದನ್ನೇನು ಬರೆಯುವುದು ಎಂದುಕೊಂಡೆ. ಮರೆಯುವುದು ಬೇರೆಯವರ ಪಾಡು, ಅವಳ ದನಿಯನ್ನು ನಾನು ಮರೆಯುತ್ತೇನೆಯೇ ಎಂದೂ ಅಂದುಕೊಂಡೆ. ಮರುದಿನ ಸಂಜೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತ ಕೂತಿದ್ದವನು ತಲೆ ಎತ್ತಿದೆ. ಇಲ್ಲ. ಗೋಡೆಯಿಂದ ಮೊಳೆ ಕಿತ್ತ ಹಾಗೆ ಅದು ಇದ್ದ ಜಾಗ ಮಾತ್ರ ಇತ್ತು.

ನಮ್ಮ ಮಗಳು ಚಂದ್ರಕಲಾಳಿಗೆ ಆಗ ನಾಲ್ಕು ವರ್ಷ. ಏಳನೆಯ ವರ್ಷಕ್ಕೆ ಅವಳು ಮೊದಲ ಸಲ ಅಮ್ಮ ಹೇಗೆ ಮಾತಾಡುತ್ತಿದ್ದಳು ಎಂದು ಕೇಳಿದಳು. ನಾನು ಮಾತು ಹೇಳಿದೆ. ಅವಳಿಗೆ ಬೇಕಾದದ್ದು ಅದಲ್ಲ. ಹತ್ತನೆಯ ವರ್ಷಕ್ಕೆ ಓದು ಚೆನ್ನಾಗಿ ಬಂದ ಮೇಲೆ ಚಾವಡಿಗೆ ಹೋಗಿ ಪುಸ್ತಕವನ್ನು ತಾನೇ ತೆಗೆಸಿ ನೋಡಿ ಬಂದಳು. ಅವತ್ತು ನನ್ನನ್ನು ಏನೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗ ಅವಳು ಊರ ಹೊರಗಿನ ವೇಬ್ರಿಡ್ಜಿನಲ್ಲಿ ಲಾರಿ ತೂಕ ಮಾಡುವ ಕೆಲಸದಲ್ಲಿದ್ದಾಳೆ. ಒಂದು ಕಿಲೋ ಆಚೆ ಈಚೆ ಆದರೂ ಒಪ್ಪುವ ಪೈಕಿಯಲ್ಲ.

ಕಳೆದ ವರ್ಷ ಮೈಕ್ ಸೆಟ್ಟಿನ ದಾದಾಪೀರ್ ತೀರಿಕೊಂಡ. ಮದುವೆ, ಉರುಸು, ಜಾತ್ರೆ ಎಲ್ಲಕ್ಕೂ ಅವನದೇ ಮೈಕು. ಪ್ರಾಯದಲ್ಲಿ ಅವನಿಗೆ ಒಂದು ಹುಚ್ಚಿತ್ತು. ಕರಿ ಮೆತ್ತಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಜನರ ಮಾತನ್ನು ಕೊರೆಯುವ ಯಂತ್ರವನ್ನು ತಾನೇ ಮಾಡಿಕೊಂಡಿದ್ದ. ಹಾಗೆ ಏಳೆಂಟು ತಟ್ಟೆ ಕೊರೆದಿರಬಹುದು. ಒಂದಕ್ಕೆ ಕೊಟ್ರಮ್ಮನನ್ನೂ ಕೂರಿಸಿದ್ದ. ನಾನೂ ಜೊತೆಗೆ ಹೋಗಿದ್ದೆ, ಬಾಗಿಲ ಹತ್ತಿರ ನಿಂತಿದ್ದೆ. ಬರುವಾಗ ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ, ಬಿಸಿಲಿಗೆ ಇರಬೇಕು ಎಂದುಕೊಂಡಿದ್ದೆ. ಅವಳು ಹೋದ ಮೇಲೆ ಎಷ್ಟೋ ಸಲ ದಾದಾಪೀರನನ್ನು ಆ ತಟ್ಟೆ ಕೇಳಿದೆ. ಅವನು ಪ್ರತಿ ಸಲವೂ ಅದು ಸರಿಯಾಗಿ ಬರಲಿಲ್ಲ ಬಿಡು ಹಾಲಪ್ಪ ಎಂದು ಮಾತು ತಿರುಗಿಸುತ್ತಿದ್ದ. ಅವನ ಅಳಿಯ ಅಂಗಡಿ ತೊಳೆಯುವಾಗ ಹಳೇ ಹಾರ್ನುಗಳ ಹಿಂದೆ ಅದು ಸಿಕ್ಕಿತು. ಮೇಲೆ ಬಿಳಿ ಬಣ್ಣದಲ್ಲಿ 'ಹಾಲಪ್ಪನ ಮನೆಯಿಂದ ಕೊಟ್ರಮ್ಮ' ಎಂದು ಬರೆದಿತ್ತು. ಕೊರೆದ ಯಂತ್ರ ಗುಜರಿಗೆ ಹೋಗಿ ವರ್ಷಗಳಾಗಿದ್ದವು.

ತಟ್ಟೆ ಮಾಮೂಲಿ ಗ್ರಾಮಫೋನ್ ತಟ್ಟೆಗಿಂತ ಅಗಲ, ನಡುವಿನ ತೂತು ಹೆಬ್ಬೆರಳು ಹೋಗುವಷ್ಟು. ಯಾವ ಪ್ಲೇಯರಿಗೂ ಕೂರುವ ಜಾಯಮಾನದ್ದಲ್ಲ. ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ತಿರುಗುವ ವಸ್ತುವಿಗೆ ಹೆದರುವವನಲ್ಲ. ನಾನೇ ಒಂದು ಕಟ್ಟುತ್ತೇನೆ ಎಂದೆ. ಚಂದ್ರಿ ನನ್ನ ಮುಖ ನೋಡಿ, ಆ ತಟ್ಟೆಯನ್ನು ತನ್ನ ಸೀರೆಗಳ ನಡುವೆ ಇಟ್ಟು ಟ್ರಂಕಿಗೆ ಬೀಗ ಹಾಕಿದಳು. ಯಂತ್ರ ಆಗುವ ತನಕ ನೀನು ಮುಟ್ಟಬೇಡ ಎನ್ನುವುದು ಅದರ ಅರ್ಥ.

ಅದನ್ನು ಕಟ್ಟಲು ನಾಲ್ಕು ತಿಂಗಳು ಹಿಡಿಯಿತು. ಅಡಿಗೆ ಒಂದು ಚಪ್ಪಡಿ ಕಲ್ಲು, ಅಲ್ಲಾಡಬಾರದಲ್ಲ. ಅದರ ನಡುವೆ ಸೈಕಲ್ಲಿನ ಹಿಂದಿನ ಚಕ್ರದ ನಡುವಿನ ಹಬ್ ಅನ್ನು ನೆಟ್ಟಗೆ ನಿಲ್ಲಿಸಿ, ಒಳಗೆ ಒಂದೇ ಒಂದು ಉಕ್ಕಿನ ಗುಂಡು ಹಾಕಿದೆ. ಮೇಲಿನ ಭಾರವೆಲ್ಲ ಆ ಗುಂಡಿನ ಮೇಲೆ ನುಣ್ಣಗೆ ತಿರುಗಬೇಕು. ತಿರುಗುವ ಪೀಠಕ್ಕೆ ಭಾರದ್ದೇ ಬೇಕು, ಹಗುರವಾದರೆ ಓಟ ತಪ್ಪುತ್ತದೆ. ನಮ್ಮ ಮನೆಯ ಬೀಡಿನ ದೋಸೆ ಹೆಂಚನ್ನೇ ಲೇತ್ ಅಂಗಡಿಗೆ ಒಯ್ದು ಸಾಪು ಮಾಡಿಸಿದೆ. ಅವತ್ತಿನಿಂದ ಮನೆಯಲ್ಲಿ ದೋಸೆ ಬಂದ್. ಮೋಟರು ಟೇಬಲ್ ಫ್ಯಾನಿನದು. ಸೂಜಿ ಹಿಡಿಯುವ ತೋಳು ಹಳೇ ಕೊಡೆಯ ಟೊಳ್ಳು ಕಡ್ಡಿ, ಅದರ ಬಾಲಕ್ಕೆ ಸಮತೂಕಕ್ಕೆ ಚಂದ್ರಿ ತಂದುಕೊಟ್ಟ ಐವತ್ತು ಗ್ರಾಮಿನ ಬಟ್ಟು. ಸೂಜಿ ಮುಚ್ಚಿಹೋದ ಟೂರಿಂಗ್ ಟಾಕೀಸಿನ ರೇಡಿಯೋಗ್ರಾಮಿನದು, ದನಿ ಹೊರಡುವುದು ಮನೆಯ ರೇಡಿಯೋದಿಂದ. ಇಷ್ಟೂ ಬಿಡಿ, ನನ್ನ ಹೆಮ್ಮೆ ಇದ್ದದ್ದು ಬುಗುರಿಯಲ್ಲಿ. ಮೋಟರಿನ ಮೂತಿಗೆ ಸೀಬೆ ಮರದ ಒಂದು ಬುಗುರಿ ಕೂರಿಸಿ, ಅದರಿಂದ ಹೆಂಚಿಗೆ ಸೈಕಲ್ ಟ್ಯೂಬಿನ ಬೆಲ್ಟು ಕೊಟ್ಟಿದ್ದೆ. ಬೆಲ್ಟು ಬುಗುರಿಯ ದಪ್ಪದಲ್ಲಿದ್ದರೆ ತಟ್ಟೆ ಜೋರಾಗಿ ಓಡುತ್ತದೆ, ಚೂಪಿನ ಕಡೆ ಜರುಗಿಸಿದರೆ ನಿಧಾನ. ನೂಲೆಳೆಯಷ್ಟು ಜರುಗಿಸಿದರೂ ವೇಗ ಬದಲಾಗುತ್ತದೆ. ನನ್ನ ಎಲ್ಲ ಗೊಂದಲಕ್ಕೂ ಆ ಬುಗುರಿಯೇ ಮೂಲವಾಯಿತು.

ಕೆಲಸದ ಹೊತ್ತಿನಲ್ಲಿ ಚಂದ್ರಿ ಪಕ್ಕದಲ್ಲಿ ಕೂತು ಲಾರಿಯವರ ಕಥೆ ಹೇಳುತ್ತಿದ್ದಳು. ಒಬ್ಬ ಡ್ರೈವರು ತೂಕ ಹೆಚ್ಚು ತೋರಲಿ ಎಂದು ಕ್ಲೀನರನ್ನು ಮೂಟೆಯ ಕೆಳಗೆ ಮಲಗಿಸಿಕೊಂಡು ಬಂದಿದ್ದನಂತೆ. ಅವನು ಸೀನಿದನೋ ಏನೋ, ಕಥೆ ಅಲ್ಲಿಗೆ ಬಂದಾಗ ನಾನು ಸಾಕು, ಆ ಸ್ಕ್ರೂ ಕೊಡು, ಹೊತ್ತಾಯಿತು ಎಂದೆ. ಅವಳು ಆಯ್ತಪ್ಪ ಎಂದು ಕೊಟ್ಟಳು.

ಯಂತ್ರ ಸಿದ್ಧವಾದ ಭಾನುವಾರ ಮಧ್ಯಾಹ್ನ ಅರ್ಧ ಊರು ನಮ್ಮ ಪಡಸಾಲೆಯಲ್ಲಿತ್ತು. ಮುಂದೆ ಕೂತವಳು ಪಕ್ಕದ ಮನೆಯ ಓಬಮ್ಮ. ಕೊಟ್ರಮ್ಮ ಇದ್ದಾಗ ಇಬ್ಬರದೂ ಒಂದೇ ಒರಳು, ಒಂದೇ ಜಗಳ. ಪಂಚಾಕ್ಷರಯ್ಯನವರು ಪುಸ್ತಕ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿದ್ದರು. ದನಿ ಖಚಿತವಾದರೆ ನನ್ನ ಮೂರು ಪದ ಹೊಡೆದುಹಾಕಿ ಹೊಸದಾಗಿ ಬರೆಸುವುದಾಗಿ ಮಾತು ಕೊಟ್ಟಿದ್ದರು. ಚಂದ್ರಿ ಹೆಂಚಿನ ಅಂಚಿಗೆ ತನ್ನ ಹಣೆಯ ಬೊಟ್ಟನ್ನು ತೆಗೆದು ಅಂಟಿಸಿ, ಗಡಿಯಾರ ನೋಡುತ್ತ ಸುತ್ತು ಎಣಿಸಿದಳು. ಮೂವತ್ತಮೂರು. ನಾನು ಸೂಜಿ ಇಳಿಸಿದೆ.

ಎಣ್ಣೆ ಕಾದ ಹಾಗೆ ಚರಚರ ಸದ್ದು. ಆಮೇಲೆ ಒಬ್ಬ ಹೆಂಗಸು ನಿಧಾನವಾಗಿ, ಬಾವಿಯೊಳಗಿಂದ ಹೇಳಿದ ಹಾಗೆ, ಮಾವಿನಕಾಯಿ ತೊಳೆದು ಒರೆಸಬೇಕು ಎಂದಳು. ಚಂದ್ರಿ ನನ್ನ ಕೈ ಹಿಡಿದುಕೊಂಡಳು. ಹೆಂಗಸು ಹೆಚ್ಚುವುದು ಹೇಳಿದಳು, ಸಾಸಿವೆ ಮೆಂತ್ಯ ಹುರಿಯುವುದು ಹೇಳಿದಳು, ಖಾರದ ಪುಡಿಯ ಅಳತೆ ಹೇಳಿದಳು, ಎಣ್ಣೆ ಕಾಸಿ ಆರಿಸಿ ಹುಯ್ಯಬೇಕು ಎಂದಳು. ಆಗ ಯಂತ್ರ ಗುರ್ರ್ ಎಂದಿತು. ಬಂದವರ ಮುಂದೆ ನನ್ನ ಮೋಟರು ಹೀಗೆ ಮರ್ಯಾದೆ ಕಳೆಯಿತಲ್ಲ ಎಂದು ನಾನು ರೇಡಿಯೋದ ಸದ್ದು ತಗ್ಗಿಸಿದೆ. ಮತ್ತೆ ಏರಿಸುವಷ್ಟರಲ್ಲಿ ಹೆಂಗಸು 'ಆಯ್ತು' ಎಂದಳು. ಅಲ್ಲಿಗೆ ತಟ್ಟೆ ಮುಗಿಯಿತು.

ಕೊಟ್ರಮ್ಮ ತನ್ನ ಉಪ್ಪಿನಕಾಯಿಯ ಗುಟ್ಟನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಓಬಮ್ಮ ಬೆರಳಲ್ಲಿ ಎಣಿಸುತ್ತ ಮೆಲ್ಲಗೆ ಅಷ್ಟನ್ನೂ ಬಾಯಿಪಾಠ ಮಾಡುತ್ತಿದ್ದಳು. ಪಂಚಾಕ್ಷರಯ್ಯನವರು ನನ್ನ ಕಡೆ ನೋಡಿ ಇದೇನಾ ಎಂದರು. ನನಗೆ ಗೊತ್ತಿರಲಿಲ್ಲ. ಬುಗುರಿಯ ಮೇಲೆ ಬೆಲ್ಟನ್ನು ಜರುಗಿಸಿ ನಲವತ್ತೈದಕ್ಕೆ ತಂದೆ. ಅದೇ ಮಾತು, ಬೇರೆ ಹೆಂಗಸು. ಎಪ್ಪತ್ತೆಂಟಕ್ಕೆ ತಂದೆ. ಅದೇ ಮಾತು, ಮೂರನೆಯ ಹೆಂಗಸು, ಅವಸರದವಳು, ಹುಡುಗಿಯಂಥವಳು. ಗುರ್ರ್ ಬಂದಾಗಲೆಲ್ಲ ನಾನು ಸದ್ದು ತಗ್ಗಿಸುತ್ತಿದ್ದೆ. ಮೂವರಲ್ಲಿ ನಾನು ಯಾರನ್ನು ಮದುವೆಯಾಗಿದ್ದೆ ಎಂದು ನನಗೇ ತಿಳಿಯಲಿಲ್ಲ.

ಊರು ಮೂರು ಪಕ್ಷವಾಯಿತು. ದಪ್ಪ ಕೊಟ್ರಮ್ಮ, ನಡು ಕೊಟ್ರಮ್ಮ, ಸಣ್ಣ ಕೊಟ್ರಮ್ಮ ಎಂದು ಹೆಸರೂ ಬಿದ್ದವು. ಹಿರಿಯರು ದಪ್ಪದ ಕಡೆ. ಸತ್ತವರಿಗೆ ಗಾಂಭೀರ್ಯ ಇರಬೇಕು ಎಂಬುದು ಅವರ ವಾದ. ಓಣಿಯಲ್ಲಿ ಉಪ್ಪಿನಕಾಯಿ ಕೊಳ್ಳುತ್ತಿದ್ದ ಹೆಂಗಸರು ಸಣ್ಣದ ಕಡೆ. ಮಾರುವವರ ದನಿ ದೂರ ಹೋಗಬೇಕು, ಚೂಪಿರಲೇಬೇಕು ಎಂದರು. ನಡುವಿನದಕ್ಕೆ ನಿಂತವರು ಯಾವ ಜಗಳವೂ ಬೇಡ ಎನ್ನುವವರು. ತಲೆಗೊಂದು ಮಾತು, ಒಬ್ಬರಿಗೂ ನೆನಪಿಲ್ಲ. ಮೂರೂ ಅಲ್ಲದೆ ಬುಗುರಿಯ ಮೇಲೆ ಇನ್ನೂ ನೂರು ಜಾಗ ಇವೆ ಎನ್ನುವುದು ನನ್ನ ತಲೆ ತಿನ್ನುತ್ತಿತ್ತು. ದಾದಾಪೀರನ ಯಂತ್ರ ಎಷ್ಟು ಸುತ್ತು ಸುತ್ತುತ್ತಿತ್ತು ಎಂದು ಬಲ್ಲವರು ಯಾರೂ ಇರಲಿಲ್ಲ. ಅವನನ್ನು ಹಿಂದೆ ಯಾರೋ ಕೇಳಿದಾಗ ನನ್ನ ಮನಸ್ಸಿಗೆ ಬಂದಷ್ಟು ಎಂದಿದ್ದನಂತೆ. ಆ ಮಾತು ಊರಿಗೆಲ್ಲ ನೆನಪಿದೆ, ಏನು ಪ್ರಯೋಜನ.

ಸಿಕ್ಕಸಿಕ್ಕಷ್ಟು ಸಲ ಹಾಕಿ ನೋಡುವ ಹಾಗೂ ಇರಲಿಲ್ಲ. ಪ್ರತಿ ಸಲ ತಟ್ಟೆ ಓಡಿದಾಗ ಸೂಜಿಯ ಮೂತಿಯಲ್ಲಿ ಕಾಡಿಗೆಯಂಥ ಕರಿ ಪುಡಿ ನಿಲ್ಲುತ್ತಿತ್ತು. ಮೆತ್ತಿದ್ದು ಸವೆಯುತ್ತಿತ್ತು. ಚಂದ್ರಿ ಆ ಪುಡಿಯನ್ನು ಕಾಗದದ ಮೇಲೆ ಉದುರಿಸಿ, ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿ ಬಂದಳು. ಇನ್ನೂ ಹತ್ತು ಸಲ, ಹೆಚ್ಚೆಂದರೆ ಹನ್ನೆರಡು, ಆಮೇಲೆ ಬರೀ ಚರಚರ ಅಷ್ಟೇ ಎಂದಳು. ನಾವು ಅವಳನ್ನು ಹುಡುಕುತ್ತಿದ್ದೆವೋ ತಿಂದು ಮುಗಿಸುತ್ತಿದ್ದೆವೋ ಎಂದು ನನಗೆ ಭಯವಾಯಿತು.

ಅಷ್ಟರಲ್ಲಿ ಓಬಮ್ಮನ ಉಪ್ಪಿನಕಾಯಿ ಕೆಟ್ಟಿತು. ಅವಳು ತಟ್ಟೆಯಲ್ಲಿ ಕೇಳಿದಂತೆಯೇ, ಒಂದಕ್ಷರ ಸೇರಿಸದೆ ಒಂದಕ್ಷರ ಬಿಡದೆ, ಎರಡು ಜಾಡಿ ಹಾಕಿದ್ದಳು. ಮೂರು ವಾರಕ್ಕೆ ಮೇಲೆಲ್ಲ ಬಿಳಿ ಬೂಸ್ಟು. ತಟ್ಟೆಯ ಹೆಂಗಸು ಉಪ್ಪಿನ ಮಾತೇ ಎತ್ತಿರಲಿಲ್ಲ. ಅವಳು ಹಾಕುವಾಗಲೇ ಗಂಡ ಕೇಳಿದ್ದನಂತೆ, ಉಪ್ಪಿಲ್ಲದ ಉಪ್ಪಿನಕಾಯಿ ಯಾವ ಊರಿನದೇ ಎಂದು. ಸತ್ತವಳು 'ಆಯ್ತು' ಎಂದ ಮೇಲೆ ಆಯಿತು, ನೀನ್ಯಾರು ಸೇರಿಸೋಕೆ ಎಂದು ಓಬಮ್ಮ ಅವನ ಬಾಯಿ ಮುಚ್ಚಿಸಿದ್ದಳು. ಹಾಗೆ ಹಾಕಿದವರು ಅವಳೊಬ್ಬಳೇ ಅಲ್ಲ, ಊರಲ್ಲಿ ಹದಿನಾಲ್ಕು ಮನೆ. ಹದಿನಾಲ್ಕರಲ್ಲೂ ಬೂಸ್ಟು.

ಆಗ ಊರು ಮೂರು ಪಕ್ಷ ಬಿಟ್ಟು ಒಂದೇ ಪಕ್ಷವಾಯಿತು. ಅಂಥ ಉಪ್ಪಿನಕಾಯಿ ಹಾಕುತ್ತಿದ್ದವಳು ಉಪ್ಪು ಮರೆಯುತ್ತಾಳೆಯೇ? ಇವಳು ಕೊಟ್ರಮ್ಮನೇ ಅಲ್ಲ. ದಾದಾಪೀರ್ ಯಾರನ್ನೋ ಕೂರಿಸಿ ಹೆಸರು ತಪ್ಪು ಬರೆದಿದ್ದಾನೆ. ಪಂಚಾಕ್ಷರಯ್ಯನವರು ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ, ಇಲ್ಲಿ ಎರಡೂ ಇಲ್ಲವಲ್ಲಪ್ಪ ಎಂದು ಪುಸ್ತಕ ಮುಚ್ಚಿದರು. ಗಾದೆ ಹೇಳಿ ಅವರು ಹೋದರು. ಚಂದ್ರಿ ಅಡಿಗೆ ಮನೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಬಂದಾಗ ಅವಳ ಮುಖ ಪುಸ್ತಕ ನೋಡಿ ಬಂದ ಹತ್ತು ವರ್ಷದ ಹುಡುಗಿಯ ಮುಖವೇ ಆಗಿತ್ತು. ಸಿಕ್ಕ ತಾಯಿಯನ್ನು ಊರವರು ಅವಳ ಕೈಯಿಂದ ಕಿತ್ತುಕೊಂಡಿದ್ದರು, ನನಗೆ ತಡೆಯಲಾಗಿರಲಿಲ್ಲ. ಹೌದು ಇವಳೇ ನನ್ನ ಹೆಂಡತಿ ಎಂದು ಎದೆ ತಟ್ಟಿ ಹೇಳಲು ಕಿವಿಯಲ್ಲಿ ಏನಾದರೂ ಇರಬೇಕಲ್ಲ.

ನನಗೆ ಗೊತ್ತಿದ್ದದ್ದು ರಿಪೇರಿ ಒಂದೇ. ಆ ಗುರ್ರ್ ಸದ್ದನ್ನಾದರೂ ತೆಗೆಯೋಣ, ಉಳಿದದ್ದು ಸ್ಪಷ್ಟವಾದೀತು ಎಂದು ಮೋಟರಿನ ಬುಶ್ ಬದಲಿಸಿದೆ. ಹೋಗಲಿಲ್ಲ. ಅಡಿಗೆ ರಬ್ಬರ್ ಕೊಟ್ಟೆ, ಕಂಬಳಿ ತುಂಡು ಹಾಸಿದೆ, ಮೋಟರನ್ನು ಬೇರೆ ಮಣೆಗೆ ಸಾಗಿಸಿದೆ. ಒಂದೊಂದು ರಿಪೇರಿಗೂ ಒಂದು ಸಲ ತಟ್ಟೆ ಹಾಕಿ ನೋಡಬೇಕು. ಚಂದ್ರಿ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದಳು. ಏಳು ಉಳಿದವು. ಆರು. ಐದು. ನಾನು ಸೈಕಲ್ ಹಬ್ಬಿಗೆ ಬೈದೆ, ಲೇತ್ ಅಂಗಡಿಯವನಿಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನ ಕಥೆ ಅದೇ.

ಐದು ಉಳಿದಾಗ ಅವಳು ಒಳಗೆ ಬಂದು ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದಿಟ್ಟಳು.

'ಮೋಟರಿನ ಸದ್ದಾದ್ರೆ ಮೊದ್ಲಿಂದ ಕೊನೇತನ್ಕ ಬರ್ಬೇಕು ಅಲ್ವೇನಪ್ಪ,' ಎಂದಳು. 'ಇದು ಎಣ್ಣೆ ಹುಯ್ಬೇಕು ಅಂದ್ಮೇಲೆ ಅಷ್ಟೇ ಬರ್ತೈತೆ. ದಿನಾ ಅಲ್ಲೇ. ಇದು ತಟ್ಟೆ ಒಳಗೇ ಐತೆ.'

ಮೂವತ್ತು ವರ್ಷ ಯಂತ್ರಗಳ ಜೊತೆ ಬದುಕಿದವನಿಗೆ ಹೊಳೆಯಬೇಕಾದದ್ದು ಅದು. ಯಾಕೆ ಹೊಳೆಯಲಿಲ್ಲ ಎಂದು ಈಗ ಯೋಚಿಸಿದರೆ ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ಅವಳು ರೇಡಿಯೋದ ಸದ್ದನ್ನು ಪೂರ್ತಿ ಏರಿಸಿದಳು. ತಗ್ಗಿಸಕೂಡದು ಎಂದಳು. ಸೂಜಿಯನ್ನು ನೇರ ಆ ಜಾಗಕ್ಕೆ ಇಳಿಸಿದಳು. ಪೂರ್ತಿ ಓಡಿಸಿದರೆ ತಾನೇ ಸವೆಯುವುದು. ಗುರ್ರ್. ಬೆಲ್ಟನ್ನು ಬುಗುರಿಯ ದಪ್ಪದ ಕಡೆಗೆ ನೂಲೆಳೆಯಷ್ಟು ಜರುಗಿಸಿದಳು. ಗುರ್ ಎನ್ನುವುದು ಗೊಗ್ಗರಾಯಿತು. ಇನ್ನೊಂದು ಎಳೆ. ಅದು ಗಂಡಸಿನ ದನಿಯ ಹಾಗಾಯಿತು, ದೂರದಿಂದ, ಬಾಗಿಲ ಹತ್ತಿರದಿಂದ ಬಂದ ಹಾಗೆ. ದಾದಾಪೀರನ ದನಿ ಇರಬಹುದು ಎಂದೆ ನಾನು. ಇನ್ನೊಂದು ಎಳೆ, ಮತ್ತೆ ಅರ್ಧ ಎಳೆ ಹಿಂದೆ. ಅಲ್ಲಿ ಅವಳ ಕೈ ನಿಂತಿತು.

'ಇದು ನೀನು,' ಎಂದಳು.

ನಾನಲ್ಲ ಎಂದೆ. ತನ್ನ ದನಿ ತನಗೆ ಹೊರಗಿನಿಂದ ಹೇಗೆ ಕೇಳಿಸುತ್ತದೆ ಎಂದು ಯಾರಿಗೆ ತಾನೇ ಗೊತ್ತು? ನಾನು ಅವತ್ತು ಬಾಯಿ ಬಿಡದೆ ನಿಂತಿದ್ದೆ, ನನಗೆ ಚೆನ್ನಾಗಿ ನೆನಪಿದೆ ಎಂದೂ ಹೇಳಿದೆ. ಹುಟ್ಟಿದಾಗಿನಿಂದ ಕೇಳಿದ ದನಿಯನ್ನು ಅವಳಿಗೆ ಯಾರು ಕಲಿಸಬೇಕು. ಬೊಟ್ಟು ನೋಡುತ್ತ ಒಂದು ನಿಮಿಷ ಎಣಿಸಿದಳು. ಐವತ್ತೊಂಬತ್ತು ಸುತ್ತು. ಯಾವ ಕಂಪನಿಯ ತಟ್ಟೆಯೂ ಓಡದ ವೇಗ ಅದು, ದಾದಾಪೀರನ ಮನಸ್ಸಿಗೆ ಬಂದಷ್ಟು. ಸೂಜಿಯನ್ನು ಮೊದಲಿಗೆ ತಂದಿಟ್ಟಳು.

ಒಬ್ಬ ಹೆಂಗಸು ಮಾತಾಡಿದಳು. ದಪ್ಪವೂ ಅಲ್ಲ, ಸಣ್ಣದೂ ಅಲ್ಲ. ಮೊದಲು ನಾಚಿಕೊಂಡು, ಆಮೇಲೆ ಮೆಂತ್ಯ ಹುರಿಯುವ ಹೊತ್ತಿಗೆ ನಾಚಿಕೆ ಮರೆತು, ಎದುರಿಗೆ ಕೂತವರಿಗೆ ಕೈಯಲ್ಲಿ ಅಳತೆ ತೋರಿಸುವ ಹಾಗೆ ಹೇಳುತ್ತಿದ್ದಳು. ಚಂದ್ರಿ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ, ಏಕೆಂದರೆ ನನಗೆ ಅವಳ ಗುರುತು ಸಿಗಲಿಲ್ಲ. ಎಂಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳು ಅಪರಿಚಿತಳ ಹಾಗೆ ಮಾತಾಡುತ್ತಿದ್ದಳು, ನಾನು ಬೆಪ್ಪನಂತೆ ಕೂತಿದ್ದೆ. ಎಣ್ಣೆ ಕಾಸಿ ಆರಿಸಿ ಹುಯ್ಯಬೇಕು ಎಂದಳು. ಉಸಿರು ತೆಗೆದುಕೊಂಡಳು, ಮುಂದಿನ ಮಾತಿಗೆ. ಆಗ ಬಾಗಿಲ ಹತ್ತಿರದ ಗಂಡಸು ಹೇಳಿದ:

'ಸಾಕು ನಿಲ್ಸೇ. ಹೊತ್ತಾಯ್ತು.'

'ಆಯ್ತು,' ಎಂದಳು ಕೊಟ್ರಮ್ಮ.

ಅದು ಮುಗಿಯಿತು ಎನ್ನುವ ಆಯ್ತು ಅಲ್ಲ. ಹದಿನಾಲ್ಕು ಮನೆಯವರೂ ನಾನೂ ಇಷ್ಟು ದಿನ ಹಾಗೆ ಕೇಳಿಸಿಕೊಂಡಿದ್ದೆವು. ಅದು ಹೇಳಬೇಕಾದದ್ದನ್ನು ನುಂಗಿಕೊಂಡು ಎದ್ದು ಬರುವವರ ಆಯ್ತು. ಆ ಒಂದು ಮಾತಿನಲ್ಲಿ ನನಗೆ ಅವಳ ಗುರುತು ಸಿಕ್ಕಿತು. ದನಿ ನೆನಪಿಗೆ ಬಂದು ಅಲ್ಲ, ಅದು ಬರಲೇ ಇಲ್ಲ; ಆ ಮಾತು ಬಂದ ರೀತಿಯಿಂದ. ಹಾಗೆ ಎಷ್ಟು ಸಲ ಹೇಳಿಸಿಕೊಂಡಿದ್ದೆನೋ. ಯಾವುದಕ್ಕೆ ಹೊತ್ತಾಗಿತ್ತು ಅವತ್ತು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ, ಇವತ್ತಿಗೂ ಹೊಳೆದಿಲ್ಲ. ನಾನು ನಾಚಿಕೆಯಿಂದ ಕುಗ್ಗಿಹೋದೆ. ದಾದಾಪೀರ್ ತಟ್ಟೆ ಸರಿಯಾಗಿ ಬರಲಿಲ್ಲ ಎಂದು ಸಾಯುವ ತನಕ ಯಾಕೆ ಸುಳ್ಳು ಹೇಳಿದ ಎನ್ನುವುದೂ ತಿಳಿಯಿತು. ಚಂದ್ರಿ ಕಣ್ಣೊರೆಸಿಕೊಂಡು ನನ್ನ ಕಡೆ ನೋಡದೆ, ತಾನೂ ಹೀಗೇ ಆಯ್ತು ಅನ್ನುತ್ತೇನೆ ಎಂದು ತನಗೆ ಗೊತ್ತಿರಲಿಲ್ಲ ಎಂದಳು.

ಮುಂದಿನ ಭಾನುವಾರ ಊರವರನ್ನು ಮತ್ತೆ ಕರೆದೆವು. ಇನ್ನು ಮೂರು ಸಲ ಓಡಿದರೆ ಹೆಚ್ಚು. ಅವರು ಬರುವ ಮೊದಲು ಚಂದ್ರಿ ಒಂದು ಮಾತು ಕೇಳಿದಳು. ಎಣ್ಣೆ ಹುಯ್ಯಬೇಕು ಅಂದ ಕೂಡಲೇ ಸೂಜಿ ಎತ್ತಿಬಿಡಲೇ ಅಪ್ಪ, ದನಿ ಖಚಿತ ಮಾಡೋಕೆ ಅಷ್ಟು ಸಾಲದೇ ಎಂದಳು. ನನ್ನ ಮರ್ಯಾದೆ ಉಳಿಸಲು ಹಾಗೆ ಕೇಳಿದ್ದು, ಗೊತ್ತಾಯಿತು. ಒಂದು ಗಳಿಗೆ ಆಗಲಿ ಎನ್ನುವ ಆಸೆ ನನಗೂ ಆಯಿತು, ಸುಳ್ಳು ಹೇಳುವುದಿಲ್ಲ. ಎತ್ತಿದರೆ ನಾನು ಉಳಿಯುತ್ತಿದ್ದೆ, ಆದರೆ ಕೊಟ್ರಮ್ಮ ಉಪ್ಪು ಮರೆತವಳಾಗಿಯೇ ಉಳಿಯುತ್ತಿದ್ದಳು. ಬೇಡ, ಕೊನೇತನಕ ಓಡಲಿ ಎಂದೆ.

ಪಂಚಾಕ್ಷರಯ್ಯನವರು ಒಲ್ಲದ ಮನಸ್ಸಿನಿಂದ ಬಂದರು. ಓಬಮ್ಮ ಸಿಟ್ಟಿನಲ್ಲಿ ಬಂದಳು, ಎರಡು ಜಾಡಿ ಮಾವಿನಕಾಯಿ ದಂಡವಾಗಿತ್ತು. ತಟ್ಟೆ ಐವತ್ತೊಂಬತ್ತು ಸುತ್ತಿಗೆ ಓಡಿತು. ಮೆಂತ್ಯ, ಸಾಸಿವೆ, ಖಾರ, ಎಣ್ಣೆ. ಅದಾದ ಮೇಲೆ ನಾನು, ನನ್ನ ಪಡಸಾಲೆಯಲ್ಲಿ, ಅರ್ಧ ಊರಿನ ಮುಂದೆ, ಸಾಕು ನಿಲ್ಸೇ ಎಂದೆ. ಜೀವಂತ ಇರುವವನ ದನಿ ಎಲ್ಲರಿಗೂ ಗೊತ್ತಿರುತ್ತದಲ್ಲ. ಎಲ್ಲ ತಲೆಗಳೂ ಒಂದೇ ಸಲ ನನ್ನ ಕಡೆ ತಿರುಗಿದವು. ಆಮೇಲೆ 'ಆಯ್ತು.'

ಓಬಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

'ಅಯ್ಯೋ, ಉಪ್ಪು ಬಾಯಾಗೇ ಇತ್ತು ಕಣಪ್ಪ ಅವಳಿಗೆ,' ಎಂದಳು. 'ಹೇಳಾಕೆ ಬಿಟ್ಟಿದ್ರೆ ಹೇಳ್ತಿದ್ಳು.'

ಪಂಚಾಕ್ಷರಯ್ಯನವರು ಪುಸ್ತಕ ತೆಗೆದು, ಲೇಖನಿಯ ಮುಚ್ಚಳ ಬಿಚ್ಚಿ, ಏನು ಬರೆಯಲಿ ಹಾಲಪ್ಪ ಎಂದರು. ನಾನು ಚಂದ್ರಿಯ ಕಡೆ ತಿರುಗಿ, ನೀನು ಹೇಳು ಎಂದೆ. ಅವಳು ನನ್ನ ಮುಖ ನೋಡಿದಳು, ನಿಜಕ್ಕೂ ಕೇಳುತ್ತಿದ್ದೇನೆಯೋ ಇಲ್ಲವೋ ಎಂದು. ಮೆಲ್ಲಗೆ ಹೇಳಲು ಶುರು ಮಾಡಿದಳು. ಅವಳ ಮಾತು ಒಂದು ಪುಟ ತುಂಬಿತು, ಎರಡನೆಯದಕ್ಕೆ ಹೋಯಿತು. ಕೆಲವರು ಎದ್ದು ಹೋದರು. ದೀಪ ಹಚ್ಚುವ ಹೊತ್ತಾದರೂ ಅವಳು ಹೇಳುತ್ತಲೇ ಇದ್ದಳು, ನಾನು ಕೇಳುತ್ತ ಕೂತಿದ್ದೆ.